ಹತ್ತೊಂಬತ್ತು ಮಂಜೊಟ್ಟಿ ಕಾಯಿ

ಅಕ್ಕನ ಹದಿಮೂರನೆಯ ದಿನದ ಊಟಕ್ಕೆ ನಾನು ಪಾಯಸ ಬಡಿಸುತ್ತಿದ್ದೆ. ಪಂಕ್ತಿಯ ತುದಿಯಲ್ಲಿ ಕೂತಿದ್ದ ದೊಡ್ಡಮ್ಮ ಪಕ್ಕದ ಎಲೆಯವರಿಗೆ ಹೇಳಿದರು, "ಪಾಪ, ಒಳ್ಳೆ ಹೆಂಗಸು. ಆ ಒಂದು ತಪ್ಪು ಮಾಡಿದ್ದು ಬಿಟ್ರೆ ಹೆಸರಿಡ್ಲಿಕ್ಕೆ ಎಂತದೂ ಇಲ್ಲ." ಪಕ್ಕದವರು "ಹೌದೌದು" ಎಂದರು. ನಾನು ಸೌಟು ಬಗ್ಗಿಸಿ ಇಬ್ಬರ ಎಲೆಗೂ ಪಾಯಸ ಹಾಕಿದೆ. ಮುಂದಿನ ಎಲೆಗೆ ಹೋದೆ.

ಆ ತಪ್ಪು ಅಕ್ಕನದಲ್ಲ, ನನ್ನದು. ಅದನ್ನು ಹೇಳಲಿಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಆಲೆಟ್ಟಿಯ ನಮ್ಮ ಮಹಿಳಾ ಮಂಡಲದವರು ಕೈಬರಹದ ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿ ಮೂರು ತಿಂಗಳಾಯಿತು. ನಾನು ಕಲಿತದ್ದು ಐದನೆಯ ಕ್ಲಾಸಿನವರೆಗೆ, ಹಾಗಾಗಿ ಹೇಳಿದ್ದನ್ನೇ ಎರಡು ಸಲ ಹೇಳಿಯೇನು, ಸಹಿಸಿಕೊಳ್ಳಿ. ಹೆಂಗಸರ ಮುಟ್ಟಿನ ವಿಷಯವನ್ನು ನಾಲ್ಕು ಜನ ಓದುವ ಕಡೆ ಬರೆಯುವುದೇ ಎಂದು ಮೂಗು ಮುರಿಯುವವರಿದ್ದಾರೆ, ಅದೂ ಗೊತ್ತು. ಹಾಗೆ ಮೂಗು ಮುರಿದುಕೊಂಡು ಎಲ್ಲರೂ ಸುಮ್ಮನೆ ಕೂತದ್ದರಿಂದಲೇ ಇಷ್ಟೆಲ್ಲ ಆದದ್ದು. ಅವಳ ಹೆಸರು ಬರೆಯುವುದಿಲ್ಲ. ನನಗೆ ಅವಳು ಅಕ್ಕ, ಅಷ್ಟು ಸಾಕು.

ನನಗಿಂತ ಹದಿನಾರು ವರ್ಷಕ್ಕೆ ದೊಡ್ಡವಳು. ನಾನು ತೊಟ್ಟಿಲಲ್ಲಿ ಇರುವಾಗ ಮದುವೆಯಾಗಿ ಹೋದಳು, ನಾನು ಶಾಲೆಗೆ ಸೇರುವಾಗ ಗಂಡನನ್ನು ಕಳೆದುಕೊಂಡು ತಿರುಗಿ ಬಂದಳು. ಅಣ್ಣ ಕಡಬದಲ್ಲಿ ಊಟದ ಮನೆ ನಡೆಸುತ್ತಿದ್ದ. ಮುಂದೆ ಎರಡು ಸಾಲು ಎಲೆ ಹಾಕುವಷ್ಟು ಜಾಗ, ಹಿಂದೆ ನಮ್ಮ ಬಿಡಾರ. ಪುತ್ತೂರಿನ ಕಡೆಯಿಂದ ಸುಬ್ರಹ್ಮಣ್ಯಕ್ಕೆ ಹೋಗುವವರು ಬಸ್ಸಿಳಿದು ಅಲ್ಲಿ ಊಟ ಮಾಡುತ್ತಿದ್ದರು. ಮಡಿಯ ಅಡಿಗೆ ಎಂಬ ಹೆಸರಿತ್ತು. ಆ ಹೆಸರಿನ ಮೇಲೆಯೇ ನಮ್ಮ ನಾಲ್ಕು ಜನರ ಹೊಟ್ಟೆ ನಡೆಯುತ್ತಿತ್ತು, ಆ ಹೆಸರು ನಿಂತದ್ದು ಅಕ್ಕನ ಕೈಯ ಮೇಲೆ.

ಹದಿಮೂರನೆಯ ದಿನ ಅವಳನ್ನು ಸಹನಾಮೂರ್ತಿ ಎಂದು ಹೊಗಳಿದವರೂ ಇದ್ದರು. ಕೇಳಿ ನನಗೆ ಮೈಯೆಲ್ಲ ಉರಿಯಿತು. ಸಹನೆ ಅಲ್ಲ ಅದು, ಹಠ. ಅವಳ ಬಾಯಲ್ಲಿ ಇದ್ದದ್ದು ಒಂದೇ ಮಾತು, "ಎಂತ ಇಲ್ಲ." ಕೈಗೆ ಬಿಸಿ ಎಣ್ಣೆ ಹಾರಿ ಗುಳ್ಳೆ ಬಂದರೆ ಎಂತ ಇಲ್ಲ. ಜ್ವರದಲ್ಲಿ ನಡುಗುತ್ತಾ ಅಕ್ಕಿ ತೊಳೆಯುತ್ತಿದ್ದರೆ ಎಂತ ಇಲ್ಲ. ಅವಳ ಜೊತೆ ಬದುಕಿದವರಿಗೆ ಮಾತ್ರ ಗೊತ್ತು, ಆ ಎರಡು ಶಬ್ದ ಕೇಳಿದರೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತಿತ್ತು.

ಕೂತು ಊಟ ಮಾಡಿದ್ದನ್ನು ನಾನು ನೋಡಿದ್ದು ಕಡಿಮೆ. ಒಲೆಯ ಪಕ್ಕ ನಿಂತೇ ಎರಡು ತುತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಸಾರಿಗೆ ಉಪ್ಪು ಸರಿಯಿದೆಯೇ ಎಂದು ರುಚಿ ನೋಡುವುದಿಲ್ಲ, ದೇವರ ನೈವೇದ್ಯಕ್ಕೆ ಮೊದಲು ಎಂಜಲು ಆಗುತ್ತದಲ್ಲ. ಮುಚ್ಚಳ ತೆರೆದು ಮೂಗಿನಿಂದ ಒಮ್ಮೆ ಎಳೆದುಕೊಳ್ಳುತ್ತಿದ್ದಳು, "ಉಪ್ಪು ಒಂದು ಚಿಟಿಕೆ ಕಡಿಮೆ ಉಂಟು" ಎನ್ನುತ್ತಿದ್ದಳು. ಉಪ್ಪಿಗೆ ಪರಿಮಳ ಉಂಟೇ? ನಾನು ಹಠ ಹಿಡಿದು ಎಷ್ಟೋ ಸಲ ಪರೀಕ್ಷೆ ಮಾಡಿದ್ದೇನೆ. ಅವಳೇ ಸರಿ.

ನಾಲಿಗೆ ಹರಿತ. ಬಸ್ಸಿನ ಕಂಡಕ್ಟರನೊಬ್ಬ ದಿನಾ ಮೂರನೆಯ ಸಲ ಸಾರು ಕೇಳುವವ. ಒಳಗಿನಿಂದಲೇ ಕೂಗುತ್ತಿದ್ದಳು, "ಕಂಡಕ್ಟರ್ರೇ, ಇನ್ನು ಹಾಕಿದ್ರೆ ಬಸ್ಸು ನೀವು ತಳ್ಳಿಯೇ ಹೋಗ್ಬೇಕಷ್ಟೆ." ಅವನು, "ನಿಮ್ಮ ಸಾರು ಕುಡಿದ್ರೆ ಸುಬ್ರಹ್ಮಣ್ಯದವರೆಗೆ ತಳ್ತೇನೆ ಅಕ್ಕಾ" ಎನ್ನುವನು. ಪಂಕ್ತಿಯೆಲ್ಲ ನಗುತ್ತಿತ್ತು.

ಒಮ್ಮೆ ನಾನು ಕೇಳಿದ್ದೆ, ಅಣ್ಣನಿಗೆ ಹೇಳಿ ಅಡಿಗೆಗೆ ಇನ್ನೊಬ್ಬರನ್ನು ಇಡಬಾರದೇ ಎಂದು. ಅವಳಿಗೆ ನಿಜವಾಗಿ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಆಗಲೇ. "ಸೌಟು ನನ್ನ ಕೈಯಲ್ಲಿ ಇರುವಷ್ಟು ದಿನ ಈ ಮನೆಯಲ್ಲಿ ನನಗೊಂದು ಜಾಗ ಉಂಟು ಕೂಸೇ. ನಾಳೆ ಅವನಿಗೆ ಹೆಂಡತಿ ಬರ್ತಾಳೆ. ಆಗ ನಾನು ಯಾರು?" ಎಂದಳು. ನಾನು ಆ ಮಾತನ್ನು ಅಂದೇ ಮರೆತೆ.

ಇನ್ನು ಮಂಜೊಟ್ಟಿ ಕಾಯಿಯ ವಿಷಯ. ಇದು ಅರ್ಥವಾಗದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ.

ಮುಟ್ಟಾದವರು ಮೂರು ದಿನ ಹೊರಗೆ ಹಿತ್ತಿಲ ಜಗಲಿಯಲ್ಲಿ, ನಾಲ್ಕನೆಯ ದಿನ ಸ್ನಾನ, ಐದನೆಯ ದಿನ ಅಡಿಗೆಮನೆಗೆ. ಇದು ಎಲ್ಲರಿಗೂ ಗೊತ್ತಿರುವುದೇ. ಅಮ್ಮನ ಕಟ್ಟಳೆ ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಮೊದಲ ದಿನದಿಂದ ಎಣಿಸಿ ಹದಿನೆಂಟು ದಿನದ ಒಳಗೆ ಪುನಃ ಕಂಡರೆ ಅದು ಮುಟ್ಟಲ್ಲ, ತಲೆಗೆ ಸ್ನಾನ ಮಾಡಿದರೆ ಸಾಕು, ಅಡಿಗೆ ಮಾಡಬಹುದು. ಹದಿನೆಂಟು ದಾಟಿದ ಮೇಲೆ ಕಂಡರೆ ಹೊಸ ಮುಟ್ಟು, ಪುನಃ ಹೊರಗೆ. ಈ ಲೆಕ್ಕಕ್ಕೆ ನಮ್ಮಲ್ಲಿ ಗುಳಿಗಳಿರುವ ಚೆನ್ನೆಮಣೆಯ ಆಟದ ಕೆಂಪು ಮಂಜೊಟ್ಟಿ ಕಾಯಿಗಳನ್ನು ಇಟ್ಟಿದ್ದರು. ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು, ಕೇಡು, ಎಂದು ಅಮ್ಮ ನಮಗಿಬ್ಬರಿಗೆ ಆ ಮಣೆಯನ್ನು ಕೊಡುತ್ತಿರಲಿಲ್ಲ. ಕಾಯಿಗಳೆಲ್ಲ ಅಮ್ಮನ ಹಾಸಿಗೆಯ ಹತ್ತಿರ ಒಂದು ಚೀಲದಲ್ಲಿ. ಅಕ್ಕ ಹೊರಗಾದ ಮೊದಲ ದಿನದಿಂದ ಬೆಳಿಗ್ಗೆ ಅಮ್ಮ ಒಂದು ಕಾಯಿ ಕೊಡುವುದು, ನಾನು ಅದನ್ನು ಬಚ್ಚಲಿನ ಮಾಡದಲ್ಲಿದ್ದ ತೆಂಗಿನ ಗೆರಟೆಗೆ ಹಾಕುವುದು. ಹೊಸ ಮುಟ್ಟಾದರೆ ಗೆರಟೆ ಖಾಲಿ ಮಾಡಿ ಕಾಯಿಗಳನ್ನು ಚೀಲಕ್ಕೆ ಹಾಕಿ ಮತ್ತೆ ಒಂದರಿಂದ ಸುರು. ಅಮ್ಮನ ಕಣ್ಣು ಆಗಲೇ ಮಂಜಾಗಿತ್ತು. ಎಣಿಸುವವಳು ನಾನು.

ಅಕ್ಕನಿಗೆ ಮೂವತ್ತಾರು ಆದಾಗ ಕ್ರಮ ತಪ್ಪಿತು. ಮೊದಲು ಮೂರು ನಾಲ್ಕು ದಿನಕ್ಕೆ ನಿಲ್ಲುತ್ತಿದ್ದದ್ದು ಎಂಟು ದಿನ, ಹತ್ತು ದಿನ ಹೋಗಲಿಕ್ಕೆ ತೊಡಗಿತು. ನಿಂತು ವಾರವಾಗುವುದರೊಳಗೆ ಕೆಲವೊಮ್ಮೆ ಪುನಃ. ಒಗೆದು ಹಾಕುವ ಬಟ್ಟೆಯ ತುಂಡುಗಳು ಹಿತ್ತಿಲಲ್ಲಿ ಇಮ್ಮಡಿಯಾದವು. ಅಮ್ಮ, "ನಿಲ್ಲುವ ಪ್ರಾಯ ಬಂತಲ್ಲ, ಹಾಗೆಯೇ ಅದು" ಎಂದರು. ಮೂವತ್ತಾರಕ್ಕೇ ನಿಲ್ಲುವ ಪ್ರಾಯವೇ ಎಂದು ಯಾರೂ ಕೇಳಲಿಲ್ಲ. ಅಶೋಕದ ತೊಗಟೆ ಹಾಲಿನಲ್ಲಿ ಕುದಿಸಿ ಕೊಟ್ಟರು. ಅಕ್ಕ ಕುಡಿದು "ಈಗ ಎಂತ ಇಲ್ಲ" ಎಂದಳು. ಎಂತ ಇಲ್ಲವಂತೆ!

ನನ್ನ ಸಂಕಟ ಬೇರೆಯೇ ಇತ್ತು. ಅಕ್ಕ ಹೊರಗೆ ಕೂತರೆ ನಲವತ್ತು ಜನರ ಅಡಿಗೆ ನನ್ನ ತಲೆಗೆ. ತಿಂಗಳಿಗೊಮ್ಮೆ ಇದ್ದದ್ದು ಕೆಲವು ತಿಂಗಳು ಎರಡು ಸಲ ಆಗತೊಡಗಿತು. ನನ್ನ ಅಡಿಗೆ ಯಾರಿಗೂ ಬೇಡ. ಅಣ್ಣ, "ನಿನ್ನ ಸಾರಿನಲ್ಲಿ ಬಟ್ಟೆ ಒಗೀಬಹುದು ಮಾರಾಯ್ತಿ" ಎಂದು ಪಂಕ್ತಿಯ ಎದುರೇ ಹೇಳುತ್ತಿದ್ದ. ಅದಲ್ಲದೆ ನಾನು ಆಗ ಟೈಲರ್‌ ಒಬ್ಬರ ಹೆಂಡತಿಯ ಹತ್ತಿರ ಹೊಲಿಗೆ ಕಲಿಯುತ್ತಿದ್ದೆ. ಮಧ್ಯಾಹ್ನಕ್ಕೆ ಮೊದಲು ಎರಡು ಗಂಟೆ. ಅಡಿಗೆಗೆ ನಿಂತರೆ ಆ ಎರಡು ಗಂಟೆ ಹೋಯಿತು. ಇಪ್ಪತ್ತು ವರ್ಷದ ನನಗೆ ಲೋಕದಲ್ಲಿ ನನ್ನದು ಎಂದು ಇದ್ದದ್ದು ಅದೊಂದೇ. ಇವಳಿಗೆ ಜಗಲಿಯಲ್ಲಿ ಕೂತು ಸುಖ, ನನಗೆ ಹೊಗೆ, ಎಂದು ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆದೇ ಬಿಡುತ್ತೇನೆ.

ಒಂದು ಬೆಳಿಗ್ಗೆ, ಬಾಳೆದಿಂಡು ಹೆಚ್ಚಿ ಇಟ್ಟಿದ್ದ ದಿನ, ಅಕ್ಕ ಬಚ್ಚಲಿನಿಂದ ಕರೆದಳು. "ಕೂಸೇ, ಪುನಃ ಕಂಡಿತು. ಎಷ್ಟು ಉಂಟು ನೋಡು."

ಎಣಿಸಿದೆ. ಇಪ್ಪತ್ತೊಂದು. ಅಂದು ಘಟ್ಟದ ಮೇಲಿನಿಂದ ಯಾತ್ರೆಯವರ ಒಂದು ಬಸ್ಸು ಬರುವುದಿತ್ತು. ಅಂದೇ ರವಿಕೆ ಕತ್ತರಿಸುವುದನ್ನು ಹೇಳಿಕೊಡುತ್ತೇನೆ ಎಂದು ಟೈಲರನ ಹೆಂಡತಿ ಹೇಳಿದ್ದರು. ನಾನು ನಾಲ್ಕು ಕಾಯಿ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡೆ.

"ಹದಿನೇಳು" ಎಂದೆ.

ಅಕ್ಕ ನನ್ನ ಮುಖ ನೋಡಿದಳು. "ಸರಿಯಾ?"

"ಸರಿ."

ಅವಳು ತಲೆಗೆ ನೀರು ಹೊಯ್ದುಕೊಂಡು ಒಲೆಯ ಮುಂದೆ ಹೋಗಿ ನಿಂತಳು. ನಾನು ರವಿಕೆ ಕತ್ತರಿಸಲಿಕ್ಕೆ ಹೋದೆ. ಆ ನಾಲ್ಕು ಕಾಯಿಗಳನ್ನು ಚೀಲಕ್ಕೆ ಹಾಕುವ ಹಾಗಿರಲಿಲ್ಲ, ಚೀಲ ಅಮ್ಮನ ಹತ್ತಿರ. ನನ್ನ ಬಟನ್ ಡಬ್ಬಿಗೆ ಹಾಕಿದೆ.

ಒಮ್ಮೆ ಮಾಡಿದ ಮೇಲೆ ಎರಡನೆಯ ಸಲ ಸುಲಭ. ಮೂರು ಒಮ್ಮೆ, ಎರಡು ಒಮ್ಮೆ, ಹೀಗೆ ವರ್ಷ ಕಳೆಯಿತು. ಗೆರಟೆಯ ಲೆಕ್ಕದಲ್ಲಿ ಅಕ್ಕನಿಗೆ ತಿಂಗಳಿಗೆ ಒಂದೇ ಮುಟ್ಟು, ಕ್ರಮ ಎಂದರೆ ಕ್ರಮ. ಅಕ್ಕ ಮಾತ್ರ ದಿನದಿನಕ್ಕೆ ಬಿಳಿಚಿಕೊಂಡಳು. ಅಡಿಗೆಮನೆಯಲ್ಲಿ ನಿಂತಷ್ಟು ಹೊತ್ತು ಒದ್ದೆಯಾಗುತ್ತದೆಂದು ಒಮ್ಮೆ ಅವಳೇ ಹೇಳಿದಳು, ತುಂಬ ಕಷ್ಟದಲ್ಲಿ, ಬೆನ್ನು ಹಾಕಿ. ನಾನೇನು ಮಾಡಿದೆ ಗೊತ್ತೇ? ಹಳೆ ಪಂಚೆಯನ್ನು ನಾಲ್ಕು ಪದರ ಮಡಚಿ, ಒಳಗೆ ಹತ್ತಿ ತುಂಬಿಸಿ, ಅಂಚು ಹೊಲಿದು, ಕಟ್ಟಲಿಕ್ಕೆ ದಾರ ಇಟ್ಟು ಒಂದು ಡಜನ್ ದಿಂಬಿನ ಹಾಗಿನದ್ದು ಹೊಲಿದುಕೊಟ್ಟೆ. ಅಷ್ಟು ಹೊತ್ತು ನಿಂತರೂ ಸೀರೆಗೆ ಇಳಿಯದಂತೆ. ಹೊಲಿಗೆ ಕಲಿತದ್ದರ ಮೊದಲ ಉಪಯೋಗ ಅದು. ಅಕ್ಕ ಹೊಲಿಗೆಯನ್ನು ತಿರುಗಿಸಿ ನೋಡಿ, "ಕೈ ನೇರ ಬಂದಿದೆ" ಎಂದು ಹೊಗಳಿದಳು. ನಾನು ಖುಷಿಪಟ್ಟೆ. ಯಾರಾದರೂ ಆಗ ನನ್ನ ಕೆನ್ನೆಗೆ ಒಂದು ಬಿಟ್ಟಿದ್ದರೆ!

ಅವಳು ಹಸಿ ಅಕ್ಕಿ ತಿನ್ನಲಿಕ್ಕೆ ತೊಡಗಿದಳು. ಮೊರದಲ್ಲಿ ಕೇರುವಾಗ ಒಂದು ಹಿಡಿ ಬಾಯಿಗೆ. ಒಲೆಯ ಅಂಚಿನ ಮಣ್ಣು ಕೆರೆದು ನೆಕ್ಕುವುದನ್ನೂ ನಾನು ಕಂಡೆ. ಅಣ್ಣ, "ಅಕ್ಕ ಅಂಗಡಿಯ ಅಕ್ಕಿ ಮುಗಿಸಿ ಇನ್ನು ಮನೆ ತಿನ್ತಾಳೆ" ಎಂದು ತಮಾಷೆ ಮಾಡಿದ. ಎಲ್ಲರೂ ನಕ್ಕೆವು. ಮೈಯಲ್ಲಿ ರಕ್ತ ಬತ್ತಿದಾಗ ಹಾಗೆ ಮಣ್ಣು ಬೇಕು ಅನಿಸುತ್ತದೆ ಎಂದು ನಮಗೆ ಗೊತ್ತಾದದ್ದು ಪುತ್ತೂರಿನಲ್ಲಿ. ಅಲ್ಲಿಗೆ ಹೋಗುವ ಹಾಗೆ ಮಾಡಿದ್ದು ಮನೆಯವರಲ್ಲ, ಆ ಮೂರು ಸಲ ಸಾರು ಕುಡಿಯುವ ಕಂಡಕ್ಟರ್. "ಅಕ್ಕಾ, ನಿಮ್ಮ ಮುಖ ಬೂದುಗುಂಬಳದ ಹಾಗೆ ಬೆಳ್ಳಗಾಗಿದೆ ಮಾರಾಯ್ರೆ. ಪುತ್ತೂರಿನಲ್ಲಿ ಲೇಡಿ ಡಾಕ್ಟ್ರು ಬಂದಿದ್ದಾರೆ. ನಾಳೆ ಸೀಟು ಹಿಡಿದಿಡ್ತೇನೆ" ಎಂದ. ಒಂದು ಪಂಕ್ತಿಯಷ್ಟು ಜನರ ಎದುರು ಹೇಳಿದ್ದರಿಂದ ಅಣ್ಣನಿಗೆ ಇಲ್ಲ ಎನ್ನಲಿಕ್ಕಾಗಲಿಲ್ಲ.

ಅಮ್ಮ, ಅಕ್ಕ, ನಾನು ಹೋದೆವು. ಲೇಡಿ ಡಾಕ್ಟರು ಗಟ್ಟಿ ಸ್ವರದ ಹೆಂಗಸು. ಅಕ್ಕನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು. "ಎಂತ ತೊಂದರೆ?" ಎಂದರು.

"ಎಂತ ಇಲ್ಲ ಡಾಕ್ಟ್ರಮ್ಮ. ಒಲೆಯ ಸೆಕೆಗೆ ಸ್ವಲ್ಪ ತಲೆ ತಿರುಗುದು."

"ಎಂತ ಇಲ್ಲ ಅಂತ ಹೇಳ್ಲಿಕ್ಕೆ ಕಡಬದಿಂದ ಬಸ್ಸು ಹತ್ತಿ ಬಂದದ್ದಾ? ಮುಟ್ಟು ಎಷ್ಟು ದಿನಕ್ಕೊಮ್ಮೆ ಆಗುದು?"

ಉತ್ತರ ಕೊಟ್ಟದ್ದು ಅಮ್ಮ. "ತಿಂಗಳಿಗೆ ಒಂದು ಸಲ, ಮೂರು ದಿನ. ಕ್ರಮಪ್ರಕಾರ." ಅಮ್ಮ ಸುಳ್ಳು ಹೇಳಿದ್ದಲ್ಲ. ಹದಿನೆಂಟು ದಿನದೊಳಗೆ ಕಂಡದ್ದು ಮುಟ್ಟೇ ಅಲ್ಲವಲ್ಲ, ಅದನ್ನು ಡಾಕ್ಟರಿಗೆ ಯಾಕೆ ಹೇಳಬೇಕು? ಮೂರು ದಿನದ ಮೇಲೆ ಹೋದದ್ದಕ್ಕೂ ಅಮ್ಮನ ಕಟ್ಟಳೆಯಲ್ಲಿ ಹೆಸರಿಲ್ಲ. ನಮ್ಮ ಮನೆಯ ಲೆಕ್ಕ ಮಡಿಗೆ ಇದ್ದದ್ದು, ಮೈಗೆ ಇದ್ದದ್ದಲ್ಲ.

ಡಾಕ್ಟರಿಗೆ ನಂಬಿಕೆ ಬರಲಿಲ್ಲ. "ಸರಿಯಾಗಿ ಮೂರು ದಿನ ಹೋಗುವವರಿಗೆ ಇಷ್ಟು ರಕ್ತ ಎಲ್ಲಿ ಖರ್ಚಾಯ್ತು?" ಎಂದು ನನ್ನ ಕಡೆ ತಿರುಗಿದರು. "ನೀನು ಹೇಳು. ಕಲಿತವಳ ಹಾಗೆ ಕಾಣ್ತಿ. ನಡುವೆ ಕಾಣುದುಂಟಾ?"

ನನಗೆ ಗೊತ್ತಿತ್ತು. ಎಷ್ಟು ದಿನ, ಎಷ್ಟು ಬಟ್ಟೆ, ಎಷ್ಟು ಗಡ್ಡೆಗಡ್ಡೆಯಾಗಿ ಹೋಯಿತು, ಎಲ್ಲ ಒಗೆಯುವ ಕಲ್ಲಿನ ಹತ್ತಿರ ನಾನು ಕಂಡವಳು. ಅದನ್ನು ಹೇಳಿದರೆ ಅಮ್ಮ ಎಣಿಸುತ್ತಾರೆ, ಗೆರಟೆಯ ಲೆಕ್ಕ ತಾಳೆಯಾಗುವುದಿಲ್ಲ, ಹೊರಗಿರಬೇಕಾದವಳು ಯಾತ್ರೆಯವರಿಗೆಲ್ಲ ಬೇಯಿಸಿ ಹಾಕಿದ್ದು ಹೊರಬೀಳುತ್ತದೆ.

"ಅಮ್ಮ ಹೇಳಿದ್ದೇ ಸರಿ" ಎಂದೆ.

ಒಳಪರೀಕ್ಷೆಗೆ ಅಕ್ಕ ಒಪ್ಪಲಿಲ್ಲ. ಮಂಚದ ಹತ್ತಿರ ಕರೆದರೆ ಕಂಬ ಹಿಡಿದುಕೊಂಡು ನಿಂತಳು. ಡಾಕ್ಟರು ಪೆನ್ನು ಮೇಜಿನ ಮೇಲೆ ಕುಕ್ಕಿ, "ಹಾಗಾದ್ರೆ ಹೊಟ್ಟೆಯಲ್ಲಿ ಕೊಕ್ಕೆಹುಳ ಇರ್ಬೇಕು. ಬರಿಗಾಲಲ್ಲಿ ನಡೆಯುವವರಿಗೆ ಅದೇ ಹೆಚ್ಚು" ಎಂದು ಹುಳದ ಮದ್ದು, ಕಬ್ಬಿಣದ ಮಿಕ್ಚರು ಬರೆದುಕೊಟ್ಟರು. ಒಂದು ತಿಂಗಳು ಬಿಟ್ಟು ಬರಲಿಕ್ಕೆ ಹೇಳಿದರು. ನಾವು ಹೋಗಲಿಲ್ಲ. ಮಿಕ್ಚರು ಕುಡಿದು ಅಕ್ಕನ ಹಲ್ಲು ಕಪ್ಪಾಯಿತು, ಅಷ್ಟೆ. ತೂತಾದ ಕೊಡಕ್ಕೆ ನೀರು ತುಂಬಿಸಿದ ಹಾಗೆ.

ಆರು ತಿಂಗಳು ಕಳೆಯಿತು. ಒಂದು ಮಧ್ಯಾಹ್ನ, ಎರಡು ಪಂಕ್ತಿಗೂ ಎಲೆ ಹಾಕಿ ಅನ್ನ ಬಡಿಸುವ ಹೊತ್ತು. ಅಕ್ಕ ಅಡಿಗೆಮನೆಯಲ್ಲಿ ಅರೆಯುವ ಕಲ್ಲಿನ ಮೇಲೆ ಕೂತಳು. ಅವಳು ಕೂತದ್ದನ್ನು ಕಂಡೇ ನನಗೆ ಹೆದರಿಕೆಯಾಯಿತು. ಆಮೇಲೆ ಪಕ್ಕಕ್ಕೆ ಜಾರಿದಳು. ನೆಲದಲ್ಲಿ ರಕ್ತ.

ಅಮ್ಮ ಬಾಗಿಲಲ್ಲಿ ಬಂದು ನಿಂತರು. ಮಗಳ ಕೆನ್ನೆ ತಟ್ಟಲಿಲ್ಲ. "ಎಷ್ಟನೇ ದಿನ? ಓಡು, ನೋಡಿ ಬಾ" ಎಂದರು. ಹದಿನೆಂಟು ದಾಟಿದ್ದರೆ ಅಷ್ಟೂ ಅಡಿಗೆ ಚೆಲ್ಲಬೇಕು, ಕೂತವರನ್ನು ಏಳಿಸಬೇಕು. ಅಣ್ಣ ಅನ್ನದ ಪಾತ್ರೆ ಹಿಡಿದು ನಡುಬಾಗಿಲಲ್ಲಿ ಹಾಗೆಯೇ ನಿಂತಿದ್ದ.

ನಾನು ಬಚ್ಚಲಿಗೆ ಓಡಿದೆ. ಗೆರಟೆಯಲ್ಲಿ ಹತ್ತೊಂಬತ್ತು ಇತ್ತು. ಅಕ್ಕ ಅಲ್ಲಿ ನೆಲದಲ್ಲಿ ಬಿದ್ದಿದ್ದಾಳೆ. ನಾನಿಲ್ಲಿ ಎರಡು ಕಾಯಿ ತೆಗೆದು ಸೆರಗಿಗೆ ಕಟ್ಟಿದೆ. ಆಮೇಲೆ ಕೂಗಿದೆ, "ಹದಿನೇಳು!"

"ಹಾಗಾದ್ರೆ ಚೆಲ್ಲುದು ಬೇಡ" ಎಂದರು ಅಮ್ಮ. ಅಣ್ಣ ಬಡಿಸಲಿಕ್ಕೆ ಹೋದ. ನಾನು ಈ ಎಂಟೊಂಬತ್ತು ವರ್ಷದಲ್ಲಿ ಎಷ್ಟೋ ಮಧ್ಯಾಹ್ನ ಆ ಬಚ್ಚಲಿನಲ್ಲಿ ನಿಂತಿದ್ದೇನೆ, ಮನಸ್ಸಿನಲ್ಲಿ.

ಬಾಡಿಗೆ ಕಾರು ಮಾಡಿ ಪುತ್ತೂರಿಗೆ ತಲಪಿಸುವಾಗ ಅಕ್ಕನಿಗೆ ಎಚ್ಚರ ಬಂದಿತ್ತು. ಡಾಕ್ಟರು ಈ ಸಲ ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಇಂಜಕ್ಷನ್ ಕೊಟ್ಟು, ಪರೀಕ್ಷೆ ಮಾಡಿ, ಕೈ ತೊಳೆದು ಬಂದು ನಮ್ಮನ್ನು ಬೈಯಲಿಕ್ಕೆ ಸುರು ಮಾಡಿದರು. "ಗರ್ಭಕೋಶದಲ್ಲಿ ತೆಂಗಿನಕಾಯಿಯಷ್ಟು ಗಡ್ಡೆ ಉಂಟು. ಇದು ನಿನ್ನೆ ಮೊನ್ನೆಯದ್ದಲ್ಲ. ಹೆಂಗಸರಿಗೆ ಹೀಗೆ ಹೋಗ್ಲಿಕ್ಕೆ ಹತ್ತು ಕಾರಣ ಉಂಟು. ಗಡ್ಡೆ ಇರ್ಬಹುದು, ಒಳಗಿನ ಪದರ ದಪ್ಪ ಆಗಿರ್ಬಹುದು, ನಿಲ್ಲುವ ಪ್ರಾಯದ ಏರುಪೇರು ಇರ್ಬಹುದು, ಕೆಟ್ಟ ಹುಣ್ಣೂ ಇರ್ಬಹುದು. ಯಾವುದು ಅಂತ ಹುಡುಕ್ಲಿಕ್ಕೆ ನಮಗೆ ಮೊದಲು ದಿನದ ಸರಿಯಾದ ಲೆಕ್ಕ ಕೊಡಿ ಸಾಕು. ಆರು ತಿಂಗಳ ಮೊದಲು ನಾನು ಕೇಳಿದ್ದು ಅದನ್ನೇ ಅಲ್ವಾ? ಈಗಾದ್ರೂ ಸತ್ಯ ಹೇಳಿ. ಯಾವಾಗಿನಿಂದ?"

ಅಮ್ಮ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಮಾತಾಡಿದ್ದು ಮಂಚದಲ್ಲಿದ್ದ ಅಕ್ಕ. ಕ್ಯಾಲೆಂಡರು ಅವಳಿಗೆ ಬರುತ್ತಿರಲಿಲ್ಲ, ಆದರೆ ಮಾಡಿದ ಅಡಿಗೆ ಒಂದೂ ಮರೆಯುತ್ತಿರಲಿಲ್ಲ. "ಹೋದ ವರ್ಷಕ್ಕೆ ಮೊದಲಿನ ವರ್ಷ, ಗುಜ್ಜೆ ಪಲ್ಯ ಮಾಡಿದ ದಿನ ಸುರುವಾದದ್ದು. ಹನ್ನೊಂದು ದಿನ ಹೋಯ್ತು. ನಿಂತು ಹತ್ತನೇ ದಿನ, ಬಾಳೆದಿಂಡಿನ ಹುಳಿ ಮಾಡಿದ ದಿನ ಪುನಃ. ಆ ಸಲ ಹದಿಮೂರು ದಿನ, ಸೌತೆಕಾಯಿ ಕೊದ್ದೆಲು ಮಾಡುವವರೆಗೆ..." ಸ್ವರ ಕೇಳಿಯೂ ಕೇಳದ ಹಾಗೆ. ಡಾಕ್ಟರು ಬರೆದುಕೊಳ್ಳುತ್ತಾ ಹೋದರು. ಒಂದೂವರೆ ವರ್ಷದ ಅಷ್ಟೂ ಹೇಳಿದಳು, ಪಲ್ಯ, ಹುಳಿ, ತಂಬುಳಿ ಸಮೇತ. ಗೊತ್ತಿತ್ತು ಅವಳಿಗೆ! ಮೊದಲ ಸಲವೇ ಬಾಯಿಬಿಟ್ಟಿದ್ದರೆ! ಆಗ ಎಂತ ಇಲ್ಲ ಎಂದವಳು ಇವಳೇ ತಾನೆ?

ಅಮ್ಮ ಬೆರಳು ಮಡಚುತ್ತಿದ್ದರು. "ತಡಿ, ತಡಿ. ಹನ್ನೊಂದು, ಹತ್ತು. ಇಪ್ಪತ್ತೊಂದು ಆಯ್ತಲ್ಲ? ಬಾಳೆದಿಂಡಿನ ದಿನ ಯಾತ್ರೆಯವರು ಬಂದಿದ್ರು. ಆ ದಿನ ಗೆರಟೆಯಲ್ಲಿ ಹದಿನೇಳು ಇತ್ತು. ಅಲ್ವಾ ಕೂಸೇ? ಉಳಿದ ಕಾಯಿ ಎಲ್ಲಿ ಹೋಯ್ತು?"

ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದು ಉಸಿರು ಎಳೆದುಕೊಂಡೆ.

"ಅದು ತೆಗೆದದ್ದು ನಾನು" ಎಂದಳು ಅಕ್ಕ.

ನಾನು ಎಳೆದುಕೊಂಡ ಉಸಿರನ್ನು ಮೆಲ್ಲಗೆ ಬಿಟ್ಟೆ. ನನ್ನ ತಪ್ಪು ಎಂದರೆ ಅದು. ಕಾಯಿ ತೆಗೆದದ್ದಕ್ಕಿಂತ, ಡಾಕ್ಟರಿಗೆ ಸುಳ್ಳು ಹೇಳಿದ್ದಕ್ಕಿಂತ ದೊಡ್ಡದು. ಹಗುರವಾಯಿತು ನನಗೆ ಆಗ. ಅಕ್ಕ ಸಾಯುತ್ತಾಳೋ ಬದುಕುತ್ತಾಳೋ ಎಂಬಂಥ ಹೊತ್ತಿನಲ್ಲಿ ನನಗೆ ಹಗುರವಾಯಿತು.

ಮಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆದರು. ಗಡ್ಡೆ ಕೆಟ್ಟದ್ದಲ್ಲ ಎಂದರು. ಮೊದಲೇ ತಂದಿದ್ದರೆ ಗಡ್ಡೆ ಸಣ್ಣದಿರುತ್ತಿತ್ತು, ಬೇರೆ ದಾರಿಯೂ ಇತ್ತು, ಈಗ ಇದೊಂದೇ ಎಂದರು. ಅಪರೇಶನ್ನಿಗೆ ಮೊದಲು ರಕ್ತ ಕೊಡಬೇಕಾಯಿತು. ನನ್ನದು ಹೊಂದಲಿಲ್ಲ. ಅಣ್ಣನದು ಹೊಂದಿತು, ಕೊಟ್ಟು ಎದ್ದವನು ಅಲ್ಲೇ ಬವಳಿ ಬಂದು ಬಿದ್ದ. ಅಕ್ಕನಿಗೆ ಎಚ್ಚರವಾದ ಮೇಲೆ ಹೇಳಿದ ಮೊದಲ ಮಾತು, "ಈ ಜಿಪುಣನ ರಕ್ತ ಹಾಕಿದ್ರಾ? ಇನ್ನು ನಾನೂ ಸಾರಿಗೆ ಬೇಳೆ ಕಡಿಮೆ ಹಾಕ್ತೇನೆ ನೋಡಿ." ನರ್ಸುಗಳು ನಕ್ಕರು. ಬಿಡುಗಡೆಯ ದಿನ ಡಾಕ್ಟರು ಅಣ್ಣನನ್ನು ಬದಿಗೆ ಕರೆದು, ಅಷ್ಟು ಕಾಲ ರಕ್ತ ಕಡಿಮೆಯಾಗಿ ಹೃದಯಕ್ಕೆ ಪೆಟ್ಟು ಬಿದ್ದಿದೆ, ಅದು ಪೂರ್ತಿ ಸರಿಯಾಗಲಿಕ್ಕಿಲ್ಲ ಎಂದರು.

ಗರ್ಭಕೋಶ ಹೋದ ಮೇಲೆ ಅಕ್ಕನಿಗೆ ಮುಟ್ಟಿಲ್ಲ, ಹೊರಗಿಲ್ಲ. ವರ್ಷವಿಡೀ ಅಡಿಗೆ ಮಾಡುವಷ್ಟು ಮಡಿ. ಆದರೆ ಅಮ್ಮ ಮಾತ್ರ ಅವಳ ಕೈಯದ್ದು ಉಣ್ಣಲಿಲ್ಲ. "ದೇವರ ದಾರಿಯಲ್ಲಿ ಹೋಗುವವರಿಗೆ ಮೈಲಿಗೆ ಬಡಿಸಿದ ಕೈ" ಎಂದು ಹತ್ತಿರದ ನೆಂಟರಿಗೆಲ್ಲ ಹೇಳಿದರು. ಊಟದ ಮನೆಯ ಹೆಸರು ಹೋದೀತೆಂದು ಅಣ್ಣ ಹೊರಗೆ ಬಿಡಲಿಲ್ಲ. ಅಕ್ಕ ಒಂದು ಮಣೆಯ ಮೇಲೆ ಕೂತು, ನಡುನಡುವೆ ಏದುಸಿರು ಬಿಡುತ್ತಾ ಊರಿಗೆಲ್ಲ ಅಡಿಗೆ ಮಾಡುವುದು, ಅಮ್ಮನ ಒಬ್ಬರ ಅನ್ನವನ್ನು ನಾನು ಬೇರೆ ಒಲೆಯಲ್ಲಿ ಬೇಯಿಸುವುದು. ನಾನು ಮದುವೆಯಾಗಿ ಆಲೆಟ್ಟಿಗೆ ಬಂದ ಮೇಲೆ ಅತ್ತಿಗೆ ಬೇಯಿಸಿದಳು.

ಅಮ್ಮ ಕೊನೆಗೆ ಹಾಸಿಗೆ ಹಿಡಿದಾಗ ನಾನು ಕಡಬಕ್ಕೆ ಹೋಗಿದ್ದೆ. ಬಾಯಿಗೆ ಏನೂ ಸೇರುತ್ತಿರಲಿಲ್ಲ. ಒಳ್ಳೆಯ ಸಾರು ಬೇಕು ಎಂದು ಆಸೆಪಟ್ಟರು. ನಾನು ಒಲೆ ಹಚ್ಚಲು ಹೋದರೆ ಅಕ್ಕ ನನ್ನನ್ನು ಬದಿಗೆ ತಳ್ಳಿದಳು. "ನಿನ್ನ ಸಾರು ಕುಡಿದ್ರೆ ಇವತ್ತೇ ಹೋಗ್ತಾರೆ. ಸರಿ ಅತ್ಲಾಗಿ." ಅವಳೇ ಮಾಡಿದಳು. ನಾನು ಲೋಟ ತೆಗೆದುಕೊಂಡು ಹೋದೆ. ಅಮ್ಮ ಎರಡು ಗುಟುಕು ಕುಡಿದು, ಕಣ್ಣು ಮುಚ್ಚಿ, "ಅಂತೂ ನಿನಗೆ ಅಡಿಗೆ ಬಂತು ಕೂಸೇ" ಎಂದರು. ಬಾಗಿಲಿನ ಮರೆಯಲ್ಲಿ ಅಕ್ಕ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು. ಹೇಳುವುದಿದ್ದರೆ ಅದೇ ಹೊತ್ತು. ನಾನು ಲೋಟ ಹಿಡಿದುಕೊಂಡು ನಿಂತೆ. ಮೂರು ದಿನದಲ್ಲಿ ಅಮ್ಮ ಹೋದರು.

ಮರುವರ್ಷ ಜೋರು ಮಳೆಯ ಆಟಿ ತಿಂಗಳಿಗೆ ತವರಿಗೆ ಹೋದೆ. ಬಸ್ಸು ಕಡಿಮೆ, ಉಣ್ಣುವವರೂ ಕಡಿಮೆ. ಅಕ್ಕನ ಪಾದ ಬಾತಿತ್ತು. ಹಿಂದೆ ಹೊರಗೆ ಕೂರುತ್ತಿದ್ದ ಅದೇ ಜಗಲಿಯಲ್ಲಿ ಚಾಪೆ ಹಾಕಿ ಕೂತಿದ್ದಳು, ಎದುರಿಗೆ ಚೆನ್ನೆಮಣೆ.

"ಬಾ, ಆಡುವ. ಬೇಡ ಅನ್ಲಿಕ್ಕೆ ಈಗ ಯಾರೂ ಇಲ್ಲ."

ಚೀಲ ಬಿಚ್ಚಿ ಗುಳಿಗೆ ನಾಲ್ಕರಂತೆ ತುಂಬಿಸುತ್ತಾ ಬಂದಳು. ಹದಿನಾಲ್ಕು ಗುಳಿ, ಐವತ್ತಾರು ಕಾಯಿ ಬೇಕು. ಒಂಬತ್ತು ಗುಳಿ ತುಂಬಿತು, ಹತ್ತನೆಯದಕ್ಕೆ ಒಂದೇ ಕಾಯಿ. ಚೀಲ ಖಾಲಿ. ನಾನು ಬೇರೆ ಕಡೆ ನೋಡಿದೆ.

"ಹತ್ತೊಂಬತ್ತು ಕಡಿಮೆ ಉಂಟು" ಎಂದಳು, ಎಣಿಸದೆಯೇ. "ನಿನ್ನ ಬಟನ್ ಡಬ್ಬಿ ತಾ."

ಹೊಲಿಗೆಯ ಚೀಲ ನಾನು ಹೋದಲ್ಲೆಲ್ಲ ಜೊತೆಗಿರುತ್ತದೆ. ಡಬ್ಬಿ ತಂದುಕೊಟ್ಟೆ. ಎಸೆಯಲಿಕ್ಕೂ ಆಗದೆ, ತಿರುಗಿ ಇಡಲಿಕ್ಕೂ ಆಗದೆ ಅಷ್ಟು ವರ್ಷ ಅದರಲ್ಲೇ ಇಟ್ಟುಕೊಂಡಿದ್ದೆ. ಅಕ್ಕ ಬಟನುಗಳ ನಡುವಿನಿಂದ ಕೆಂಪು ಕಾಯಿಗಳನ್ನು ಒಂದೊಂದಾಗಿ ಹೆಕ್ಕಿ ಗುಳಿಗೆ ಹಾಕಿದಳು. ಸರಿಯಾಗಿ ತುಂಬಿತು.

"ಅಕ್ಕಾ, ಆ ದಿನ ನಾನು..." ಎಂದೆ.

"ಈಗ ನನ್ನತ್ರ ಹೇಳಿ ಎಂತ ಮಾಡುದು? ಕೇಳ್ಬೇಕಾದವರು ಹೋದ್ರು. ಆಡು."

ಆ ಆಟವನ್ನೂ ಅವಳೇ ಗೆದ್ದಳು. ಕಾಯಿಗಳನ್ನೆಲ್ಲ ಚೀಲಕ್ಕೆ ಹಾಕಿ ಕಟ್ಟಿದಳು, ಡಬ್ಬಿಯನ್ನು ನನಗೆ ಕೊಟ್ಟಳು. ಒಂದು ಬೈಗುಳ ಇಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ, ಅತ್ತು ಮುಗಿಸುತ್ತಿದ್ದೆ. ಅದಕ್ಕೂ ಬಿಡಲಿಲ್ಲ ಅವಳು.

ಅದೇ ವರ್ಷ ದೀಪಾವಳಿ ಕಳೆದು ಹೋದಳು. ಹೃದಯ ನಿಂತಿತು ಎಂದರು. ನಲವತ್ತಾರು ವರ್ಷ.

ರವಿಕೆ ಹೊಲಿಸಲಿಕ್ಕೆ ನನ್ನಲ್ಲಿಗೆ ಬರುವ ಹೆಂಗಸರು ಅಳತೆ ಕೊಡುವಾಗ ಒಮ್ಮೊಮ್ಮೆ ಸ್ವರ ತಗ್ಗಿಸಿ ಹೇಳುತ್ತಾರೆ, ಹತ್ತು ದಿನ ಹೋಗುತ್ತದೆ, ನಡುವೆ ಕಾಣುತ್ತದೆ, ಪ್ರಾಯದ್ದಲ್ವಾ ಎಂದು. ನಾನು ಟೇಪು ಕೆಳಗಿಟ್ಟು ಬೈಯುತ್ತೇನೆ. ದಿನ ಎಣಿಸು, ಬಟ್ಟೆ ಎಣಿಸು, ಕಂಡದ್ದನ್ನೆಲ್ಲ ಡಾಕ್ಟರಿಗೆ ಹೇಳು ಎನ್ನುತ್ತೇನೆ. ಕೆಲವರು ಬೇರೆ ಟೈಲರನ್ನು ಹುಡುಕಿಕೊಂಡಿದ್ದಾರೆ. ಹೋಗಲಿ.

ಕೇಳಬೇಕಾದವರು ಹೋದರು ಎಂದಳು ಅಕ್ಕ. ಅದೊಂದು ಮಾತ್ರ ಅವಳ ಲೆಕ್ಕ ತಪ್ಪಿತು. ಹದಿಮೂರನೆಯ ದಿನ ಆ ಪಂಕ್ತಿಯಲ್ಲಿ ಅರುವತ್ತು ಜನ ಕೂತಿದ್ದರು. ದೊಡ್ಡಮ್ಮ, ನಿಮ್ಮ ಸೊಸೆ ನಮ್ಮ ಮಂಡಲದಲ್ಲಿದ್ದಾಳೆ, ಅವಳು ಇದನ್ನು ನಿಮಗೆ ಓದಿ ಹೇಳಲಿ. ಕಾಯಿ ತೆಗೆದದ್ದು ನಾನು. ಆ ದಿನ ನಿಮ್ಮ ಎಲೆಗೆ ಪಾಯಸ ಬಡಿಸಿದ ಕೈ ಅದೇ.